ಶಾಲೆ ಬಿಟ್ಟವಳು ಅವಳಲ್ಲ



ಸರ್ಕಾರಿ ಕಡತಗಳಲ್ಲಿ ಒಂದು ಮಾತಿದೆ: "ಶಾಲೆ ಬಿಟ್ಟ ಮಕ್ಕಳು". ವರ್ಷಕ್ಕೊಮ್ಮೆ ಯಾರೋ ಹಾಡಿಗೆ ಬರ್ತಾರೆ, ತಲೆ ಎಣಿಸ್ತಾರೆ, ಹೆಸರಿನ ಮುಂದೆ ಈ ಮಾತು ಬರೀತಾರೆ, ಹೋಗ್ತಾರೆ. ಜೇನುಕುರುಬರ ಹುಡುಗಿ ಶಾಲೆ ಬಿಟ್ಟಳು. ಸೋಲಿಗರ ಹುಡುಗಿ ಶಾಲೆ ಬಿಟ್ಟಳು. ಎರವರ ಹುಡುಗಿ ಬಿಟ್ಟಳು, ಕೊರಗರ ಹುಡುಗಿ ಬಿಟ್ಟಳು. ಈ ವ್ಯಾಕರಣವನ್ನು ಸ್ವಲ್ಪ ನೋಡಿ. ಎಲ್ಲಾ ವಾಕ್ಯದಲ್ಲೂ ಕೆಲಸ ಮಾಡಿದವಳು ಅವಳೇ, ತಪ್ಪು ಮಾಡಿದವಳೂ ಅವಳೇ. ಮೇಸ್ಟ್ರನ್ನು ಕಳಿಸದ ಇಲಾಖೆ ಆ ವಾಕ್ಯದಲ್ಲಿ ಇಲ್ಲ. ಆನೆ ದಾರಿಯ ಆಚೆ ಹೈಸ್ಕೂಲು ಕಟ್ಟಿದ ಇಂಜಿನಿಯರ್ ಇಲ್ಲ. ಅಪ್ಪ ಅವ್ವನನ್ನು ಕಾಡಿನಿಂದ ಎಬ್ಬಿಸಿದ ರೇಂಜರ್ ಇಲ್ಲ. ಅವ್ವನ ಕೈಗೆ ಮುಂಗಡ ಇಟ್ಟು ಜೀಪು ಹತ್ತಿಸಿದ ಎಸ್ಟೇಟಿನ ರೈಟರ್ ಇಲ್ಲ.

ನಾವು ಕೇಳೋದು ಇಷ್ಟೆ: ಬಿಟ್ಟವರು ಯಾರು?

ನಾವು ಹಟ್ಟಿಯಿಂದ, ಕೇರಿಯಿಂದ, ಹಾಡಿಯಿಂದ ಬಂದು ಹಾಸ್ಟೆಲಿನಲ್ಲಿ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು. ಆ ಸಾಲಿನ ಬೆಲೆ ನಮಗೆ ಗೊತ್ತು. ಆ ಅನ್ನ ಯಾರ ಭಿಕ್ಷೆಯೂ ಅಲ್ಲ ಅನ್ನೋದೂ ಗೊತ್ತು. ಈ ಸಲ ನೀವೆಲ್ಲ ನಿಮ್ಮ ನಿಮ್ಮ ಊರಿನ ಕಾಲೇಜು ಹುಡುಗಿಯರ ಹಾಸ್ಟೆಲಿನ ಲೆಕ್ಕ ತೆಗೆಯಿರಿ. ಅಲ್ಲಿ ಹಾಡಿಯಿಂದ ಬಂದವರು ಎಷ್ಟು ಮಂದಿ? ಸೋಲಿಗರ ಪೋಡಿನಿಂದ ಎಷ್ಟು? ಕೊರಗರ ಕಾಲೊನಿಯಿಂದ ಎಷ್ಟು? ಎಣಿಸೋಕೆ ಎರಡು ಕೈ ಬೇಕಾಗುತ್ತಾ, ಒಂದೇ ಸಾಕಾಗುತ್ತಾ? ಎಣಿಸಿ ಆದಮೇಲೆ ಈ ಹಾಳೆಯನ್ನು ಮತ್ತೆ ಓದಿ.

ಹಂಡೆ ಲೆಕ್ಕ, ಚೊಂಬು ಲೆಕ್ಕ

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು. ಏಳು ವರ್ಷ ದಾಟಿದವರಲ್ಲಿ, ರಾಜ್ಯದ ಒಟ್ಟು ಹೆಂಗಸರನ್ನು ತಗೊಂಡರೆ ನೂರಕ್ಕೆ 68 ಮಂದಿಗೆ ಓದು ಬರಹ ಬರುತ್ತಿತ್ತು. ಪರಿಶಿಷ್ಟ ಪಂಗಡದ ಹೆಂಗಸರಲ್ಲಿ ನೂರಕ್ಕೆ 53. ಅದೇ ಪಂಗಡದ ಗಂಡಸರಲ್ಲಿ 71. ಅಂದರೆ ಅವಳು ಎರಡು ಕಡೆಯಿಂದ ಹಿಂದೆ ಬಿದ್ದವಳು. ಊರಿನ ಹೆಂಗಸಿಗಿಂತಲೂ ಹಿಂದೆ, ತನ್ನ ಮನೆ ಗಂಡಸಿಗಿಂತಲೂ ಹಿಂದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲ. ಹತ್ತು ವರ್ಷಕ್ಕೊಮ್ಮೆ ಎಣಿಸುವ ಕೆಲಸವನ್ನೂ ಮಾಡದವರು ಉದ್ಧಾರ ಮಾಡ್ತೀವಿ ಅಂತಾರೆ!

ಈ 53 ಕೂಡ ಪೂರ್ತಿ ನಿಜ ಹೇಳಲ್ಲ. 42 ಲಕ್ಷದಲ್ಲಿ ಸುಮಾರು 33 ಲಕ್ಷ ನಾಯಕ ಸಮುದಾಯದವರು. ಜೇನುಕುರುಬರು ಸುಮಾರು 36 ಸಾವಿರ. ಕೊರಗರು 15 ಸಾವಿರವೂ ಇಲ್ಲ. ಅತ್ಯಂತ ದುರ್ಬಲ ಬುಡಕಟ್ಟುಗಳು ಅಂತ ಕೇಂದ್ರ ಸರ್ಕಾರ ಪಟ್ಟಿ ಮಾಡಿರೋದು ಕರ್ನಾಟಕದಲ್ಲಿ ಈ ಎರಡನ್ನೇ. ದೊಡ್ಡ ಹಂಡೆಗೆ ಒಂದು ಚೊಂಬು ನೀರು ಸುರಿದು ಹಂಡೆಯನ್ನು ಅಳೆದರೆ ಚೊಂಬು ಎಲ್ಲಿ ಕಾಣುತ್ತೆ? ನಾಯಕರ ಹಟ್ಟಿಯಲ್ಲಿ ಕುರಿ ಕಾಯುವ ಹೆಣ್ಣುಮಗಳ ಕಷ್ಟ ಸಣ್ಣದು ಅಂತ ನಾವು ಹೇಳ್ತಿಲ್ಲ. ಅವಳೂ ನಮ್ಮವಳೇ. ಆದರೆ ಹಂಡೆ ಲೆಕ್ಕ ತೋರಿಸಿ ಚೊಂಬಿನವಳ ಬಾಯಿ ಮುಚ್ಚಿಸೋದನ್ನು ಒಪ್ಪಲ್ಲ. ಹಾಡಿಯ ಹೆಣ್ಣುಮಕ್ಕಳ ಲೆಕ್ಕವನ್ನು ಬುಡಕಟ್ಟಿನವಾರು, ಊರಿನವಾರು, ತರಗತಿವಾರು ಬೇರೆ ತೆಗೆದು ಗೋಡೆ ಮೇಲೆ ಅಂಟಿಸಲಿ. ಆಗ ನಾಚಿಕೆ ಯಾರಿಗೆ ಆಗಬೇಕೋ ಅವರಿಗೆ ಆಗುತ್ತೆ.

ಮೊದಲ ಬಾಗಿಲು: ಮಾತು

ಅವಳನ್ನು ಶಾಲೆಯಿಂದ ಹೊರಗೆ ಹಾಕೋಕೆ ಮೂರು ಬಾಗಿಲುಗಳಿವೆ. ಮೊದಲನೆಯದು ಒಂದನೇ ಕ್ಲಾಸಿನಲ್ಲೇ ಇದೆ.

ಹಾಡಿಯ ಮಗು ತನ್ನ ಅವ್ವನ ನುಡಿಯಲ್ಲಿ ಮಾತು ಕಲಿತಿರುತ್ತೆ. ಜೇನುಕುರುಬರಿಗೆ ಅವರದೇ ನುಡಿ, ಸೋಲಿಗರಿಗೆ ಅವರದು, ಎರವರಿಗೆ, ಕೊರಗರಿಗೆ ಅವರವರದು. ಆರು ವರ್ಷದ ಮಗು ಶಾಲೆಗೆ ಹೋದ ದಿನ ಮೇಸ್ಟ್ರು ಪುಸ್ತಕದ ಕನ್ನಡ ಮಾತಾಡ್ತಾರೆ. ಮಗು ಸುಮ್ಮನಿರುತ್ತೆ. ಯಾವ ಗೆಣಸು ಯಾವ ಮಳೆಗೆ ಬರುತ್ತೆ, ಯಾವ ಮರದಲ್ಲಿ ಯಾವ ಜೇನು ಕೂರುತ್ತೆ, ಆನೆ ಹೋದ ಲದ್ದಿ ಬಿಸಿ ಇದೆಯೋ ಆರಿದೆಯೋ, ಎಲ್ಲ ಬಲ್ಲ ಮಗು. ಆದರೆ ಮೇಸ್ಟ್ರು ಕೇಳಿದ ಪ್ರಶ್ನೆಗೆ ಮೇಸ್ಟ್ರ ಮಾತಿನಲ್ಲಿ ಉತ್ತರ ಹೇಳೋಕೆ ಬರಲ್ಲ. "ದಡ್ಡಿ" ಅಂತ ಹೆಸರು ಬೀಳುತ್ತೆ. ಒಂದನೇ ಕ್ಲಾಸಿನಲ್ಲಿ ಬಿದ್ದ ಆ ಹೆಸರು ಏಳನೇ ಕ್ಲಾಸಿನವರೆಗೂ ಬೆನ್ನು ಬಿಡಲ್ಲ.

ಸಂವಿಧಾನದ 350ಎ ವಿಧಿ ಏನು ಹೇಳುತ್ತೆ? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸುವ ಏರ್ಪಾಟು ಮಾಡೋಕೆ ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅನ್ನುತ್ತೆ. ಅದು ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ. ಇಷ್ಟು ದಶಕಗಳಲ್ಲಿ ಹಾಡಿಯ ನುಡಿ ಬಲ್ಲ ಒಬ್ಬ ಹೆಣ್ಣುಮಗಳನ್ನು ಪ್ರತಿ ಹಾಡಿ ಶಾಲೆಗೂ ಮೇಡಂ ಮಾಡಿ ಕೂರಿಸೋಕೆ ಯಾಕೆ ಆಗಲಿಲ್ಲ? ಕರ್ನಾಟಕ ಹೆಮ್ಮೆಯಿಂದ ಹೇಳಿಕೊಳ್ಳುವ "ನಲಿ-ಕಲಿ" 1995ರಲ್ಲಿ ಹುಟ್ಟಿದ್ದು ಎಲ್ಲಿ? ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಜೇನುಕುರುಬರ, ಬೆಟ್ಟಕುರುಬರ, ಎರವರ ಹಾಡಿಗಳಿರುವ ಅದೇ ತಾಲ್ಲೂಕಿನಲ್ಲಿ. ಅಲ್ಲಿಂದ ಹೊರಟು ರಾಜ್ಯವೆಲ್ಲ ಸುತ್ತಿತು. ತವರಿನ ಹಾಡಿಯ ಮಗುವಿನ ನುಡಿ ಮಾತ್ರ ಅದರ ಕಾರ್ಡುಗಳ ಮೇಲೆ ಹತ್ತಲಿಲ್ಲ.

ಇನ್ನು ಕೇಂದ್ರ ಸರ್ಕಾರದ ಏಕಲವ್ಯ ಮಾದರಿ ವಸತಿ ಶಾಲೆಗಳು. ಹೆಸರೇ ನೋಡಿ! ಬೆರಳು ಕತ್ತರಿಸಿಕೊಂಡವನ ಹೆಸರನ್ನು ಶಾಲೆಗೆ ಇಟ್ಟಿದ್ದಾರೆ. 2023ರಲ್ಲಿ ಈ ಶಾಲೆಗಳ ಶಿಕ್ಷಕರ ನೇಮಕಾತಿಯನ್ನು ದೆಹಲಿ ತನ್ನ ಕೈಗೆ ತಗೊಂಡು, ಹಿಂದಿ ಬರಲೇಬೇಕು ಅಂದಿತು. ಉತ್ತರದಿಂದ ಬಂದ ಮೇಸ್ಟ್ರಿಗೆ ಕನ್ನಡವೇ ಬರಲ್ಲ, ಹಾಡಿಯ ನುಡಿ ಎಲ್ಲಿಂದ ಬರಬೇಕು? ಹಿಂದಿ ಹೇರಿಕೆ ಅಂದರೆ ಬೀದಿಗೆ ಇಳಿಯುವ ಕನ್ನಡದ ಕಟ್ಟಾಳುಗಳೇ, ಈ ಮಗುವಿನ ನಾಲಿಗೆ ಮೇಲೆ ಎರಡು ಕಲ್ಲು ಕೂತಿವೆ. ಮೇಲಿನ ಕಲ್ಲನ್ನು ಬೈಯುವಾಗ ಕೆಳಗಿನ ಕಲ್ಲನ್ನೂ ಒಂದು ಸಲ ನೋಡಿ.

ಎರಡನೇ ಬಾಗಿಲು: ದೂರ

ಮಾತಿನ ಬಾಗಿಲು ದಾಟಿ ಉಳಿದ ಹುಡುಗಿಗೆ ಎರಡನೇ ಬಾಗಿಲು ಕಾದಿರುತ್ತೆ. ನಾವು ಇಂದಿಗೂ ಆಶ್ರಮ ಶಾಲೆ ಅಂತಲೇ ಕರೆಯುವ ಶಾಲೆಗಳಲ್ಲಿ ಬಹುಪಾಲು ಐದನೇ ಕ್ಲಾಸಿಗೋ, ಏಳೆಂಟಕ್ಕೋ ಮುಗಿದು ಹೋಗುತ್ತವೆ. ಆಶ್ರಮ ಅಂತ ಹೆಸರು. ಎಷ್ಟೋ ಕಡೆ ಒಳಗೆ ಹೋಗಿ ನೋಡಿದರೆ ಋಷಿಯೂ ಇಲ್ಲ, ಮೇಸ್ಟ್ರೂ ಇಲ್ಲ. ಇದ್ದರೂ ಗೌರವಧನಕ್ಕೆ ದುಡಿಯುವ ಒಬ್ಬ ಬಡಪಾಯಿ, ಮುಂದಿನ ವರ್ಷ ಇರ್ತಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ಹಕ್ಕು ಯಾರಿಗೆ? 6ರಿಂದ 14 ವರ್ಷದವರಿಗೆ. ಹದಿನಾಲ್ಕು ತುಂಬಿದ ದಿನ ಹಕ್ಕೂ ತೀರಿತು. ಹುಡುಗಿ ಮೈನೆರೆಯುವ, ಮದುವೆಯ ಮಾತು ಶುರುವಾಗುವ, ಕೂಲಿಗೆ ಕೈ ಬಲಿಯುವ ವಯಸ್ಸಿಗೆ ಸರಿಯಾಗಿ ಕಾನೂನು ಕೈ ಬಿಡುತ್ತೆ. ಅವಳಿಗೆ ನಿಜವಾಗಿ ಕಾನೂನು ಬೇಕಾಗಿದ್ದೇ ಆಗ!

ಮುಂದಿನ ಶಾಲೆ ದೂರ. ಬಸ್ಸು ಮುಖ್ಯರಸ್ತೆಗೆ ಬರುತ್ತೆ, ಹಾಡಿಗೆ ಬರಲ್ಲ. ಹಾಡಿಯಿಂದ ರಸ್ತೆವರೆಗೆ ಕಾಡಂಚಿನ ದಾರಿ, ಬೆಳಗ್ಗೆ ಸಂಜೆ ಆನೆ ತಿರುಗುವ ಹೊತ್ತು. ಅಣ್ಣ ಸ್ನೇಹಿತರ ಜೊತೆ ಹೋಗ್ತಾನೆ, ತಂಗಿಯನ್ನು ಮನೆಯಲ್ಲಿ ಉಳಿಸ್ತಾರೆ. ಹಾಗಾದರೆ ತಾಲ್ಲೂಕಿನ ಹಾಸ್ಟೆಲಿಗೆ ಸೇರಿಸಿ ಅಂತೀರಿ. ಸೇರಿಸೋಣ. ಜಾತಿ ಸರ್ಟಿಫಿಕೇಟು ತಗೊಂಡು ಬನ್ನಿ, ಆದಾಯದ್ದು ತನ್ನಿ, ಆಧಾರ್ ತನ್ನಿ, ಬ್ಯಾಂಕಿನ ಪಾಸ್‌ಬುಕ್ ತನ್ನಿ, ಟಿ.ಸಿ. ತನ್ನಿ. ಒಂದು ಕಾಗದದಲ್ಲಿ ಅಪ್ಪನ ಹೆಸರು ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಕಂಪ್ಯೂಟರ್ ಒಪ್ಪಲ್ಲ. ಒಂದೊಂದು ಕಾಗದಕ್ಕೂ ಒಂದೊಂದು ದಿನದ ಕೂಲಿ ಹೋಗುತ್ತೆ. ಸುಳ್ಳು ಸರ್ಟಿಫಿಕೇಟು ಮಾಡಿಸಿಕೊಂಡು ಬುಡಕಟ್ಟಿನ ಸೀಟು ಕಬಳಿಸುವ ದೊಡ್ಡವರಿಗೆ ಕಾಗದ ಮನೆ ಬಾಗಿಲಿಗೆ ಬರುತ್ತೆ. ನಿಜವಾದ ಕಾಡಿನ ಮಗಳು ತಾನು ಕಾಡಿನವಳು ಅಂತ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಾಬೀತು ಮಾಡಬೇಕು!

ಹಾಸ್ಟೆಲಿಗೆ ಸೇರಿದಳು ಅನ್ನಿ. ಪಾಯಿಖಾನೆಯಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕ ಇಲ್ಲ. ರಾತ್ರಿ ಇರಬೇಕಾದ ಮೇಲ್ವಿಚಾರಕಿ ಇಲ್ಲ. ಮುಟ್ಟಾದ ಹುಡುಗಿ ಏನು ಮಾಡಬೇಕು? ಹಬ್ಬಕ್ಕೆ ಅಂತ ಊರಿಗೆ ಹೋದವಳು ತಿರುಗಿ ಬರಲ್ಲ. ರಿಜಿಸ್ಟರಿನಲ್ಲಿ ಮತ್ತೆ ಅದೇ ಮಾತು: ಬಿಟ್ಟಳು.

ಮೂರನೇ ಬಾಗಿಲು: ಲೈನ್ ಮನೆ

ಮೂರನೇ ಬಾಗಿಲು ಶಾಲೆಯಲ್ಲಿ ಇಲ್ಲ, ಕಾಡಿನಲ್ಲಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮರುವರ್ಷ ಬಂಡೀಪುರಕ್ಕೆ ಹುಲಿ ಯೋಜನೆ ಬಂತು. ಆಮೇಲೆ ನಾಗರಹೊಳೆಯೂ ರಾಷ್ಟ್ರೀಯ ಉದ್ಯಾನವಾಯಿತು, ಹುಲಿ ಮೀಸಲು ಕಾಡಾಯಿತು. ಹುಲಿಗೆ ಜಾಗ ಬೇಕು ಅಂತ ಮನುಷ್ಯರನ್ನು ಎಬ್ಬಿಸಿದರು. ಅದೇ ನಾಗರಹೊಳೆಯ ಮೂರ್ಕಲ್‌ನಲ್ಲಿ ಒಂದು ದೊಡ್ಡ ಹೋಟೆಲ್ ಕಂಪನಿಗೆ ಜಾಗ ಕೊಡೋಕೆ ಹೊರಟಾಗ ಹುಲಿ ನೆನಪಾಗಲಿಲ್ಲ. ಆದಿವಾಸಿಗಳು ತಿರುಗಿಬಿದ್ದು ಕೋರ್ಟಿಗೆ ಹೋಗಿ 1997ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, ನೆಲೆ ಕಳಕೊಂಡ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತು. ವರದಿ ಬಂದ ಮೇಲೂ ಆ ಕುಟುಂಬಗಳಿಗೆ ನೆಲ ಬರಲಿಲ್ಲ. ಕಾದು ಕಾದು ಸಾಕಾಗಿ 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿನ ತಮ್ಮ ಹಳೆ ಜಾಗಕ್ಕೆ ತಾವೇ ನಡೆದು ಹೋಗಿ ಗುಡಿಸಲು ಹಾಕಿದವು.

ಕಾಡು ಹೋಯಿತು. ಬದಲಿಗೆ ಭೂಮಿ ಸಿಗಲಿಲ್ಲ. ಉಳಿದದ್ದು ಕೊಡಗಿನ ಕಾಫಿ ತೋಟ, ಶುಂಠಿ ಹೊಲ. ಡಿಸೆಂಬರಿಂದ ಮಾರ್ಚಿವರೆಗೆ ಕಾಫಿ ಕೊಯ್ಲು. ಜೀಪು ಹಾಡಿಗೆ ಬರುತ್ತೆ, ಮುಂಗಡ ಕೈಗೆ ಬರುತ್ತೆ, ಇಡೀ ಸಂಸಾರ ಎಸ್ಟೇಟಿನ ಲೈನ್ ಮನೆಗೆ ಹೋಗುತ್ತೆ. ಅವ್ವ ಗಿಡದ ಹತ್ತಿರ, ಮಗಳು ತಮ್ಮನ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಲೈನ್ ಮನೆ ಜಗುಲಿಯಲ್ಲಿ. ಕೊಯ್ಲು ಮುಗಿಯೋದು ಮಾರ್ಚಿಯಲ್ಲಿ, ಪರೀಕ್ಷೆ ಬರೋದೂ ಮಾರ್ಚಿಯಲ್ಲೇ. ಬೆಂಗಳೂರಿನ ಪಂಚಾಂಗಕ್ಕೆ ಕಾಫಿ ಹಣ್ಣಾಗೋದು ಯಾವಾಗ ಅಂತ ಗೊತ್ತಿಲ್ಲ. ಕಾಫಿ ಕುಡಿಯೋದು ಮಾತ್ರ ಗೊತ್ತು.

ನೆಲ ಇಲ್ಲದ ಅವ್ವನ ಮಗಳಿಗೆ ಶಾಲೆ ಇಲ್ಲ. ಕಾಡಿನ ಪ್ರಶ್ನೆ ಬೇರೆ, ಶಾಲೆಯ ಪ್ರಶ್ನೆ ಬೇರೆ ಅನ್ನುವ ಅಧಿಕಾರಿ ಬುದ್ಧಿವಂತನೇ ಇರಬೇಕು. ಎರಡೂ ಒಂದೇ ಅಂತ ಒಪ್ಪಿದರೆ ಅವನು ಎರಡಕ್ಕೂ ಉತ್ತರ ಹೇಳಬೇಕಾಗುತ್ತೆ.

"ಅವರಿಗೆ ಓದು ಬೇಕಿಲ್ಲ"

ಇದಕ್ಕೆಲ್ಲ ಒಂದು ಸಿದ್ಧ ಉತ್ತರ ಇದೆ: ಅವರಿಗೆ ಓದು ಬೇಕಿಲ್ಲ ಸ್ವಾಮಿ, ಅಪ್ಪ ಕುಡೀತಾನೆ, ಅವ್ವನಿಗೆ ತಿಳಿವಳಿಕೆ ಇಲ್ಲ. ನಮ್ಮ ಅಪ್ಪ ಅವ್ವಂದಿರ ಬಗ್ಗೆಯೂ ಊರ ಗೌಡ, ಶಾನುಭೋಗ ಇದೇ ಮಾತು ಹೇಳ್ತಿದ್ದರು. ಈ ಸುಳ್ಳಿನ ಪರಿಚಯ ನಮಗೆ ಚೆನ್ನಾಗಿದೆ.

ಬಿಳಿಗಿರಿರಂಗನ ಬೆಟ್ಟ ನೋಡಿ. 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಸೋಲಿಗರ ಪೋಡುಗಳ ಹತ್ತಿರದಲ್ಲೇ ಶಾಲೆ ನಡೆಯಿತು. ಒಂದು ತಲೆಮಾರಿನ ಒಳಗೆ ಸೋಲಿಗರಲ್ಲಿ ಮೇಸ್ಟ್ರುಗಳು, ನರ್ಸುಗಳು ಬಂದರು, ಡಾ. ಸಿ. ಮಾದೇಗೌಡರಂಥ ಪಿಎಚ್‌ಡಿ ಮಾಡಿದವರು ಬಂದರು. ಸೋಲಿಗರ ರಕ್ತ ಬದಲಾಯಿತೇ? ಇಲ್ಲ. ಶಾಲೆಯ ಜಾಗ ಬದಲಾಯಿತು. ಅಷ್ಟೆ.

ಇನ್ನೊಂದು ಗುಂಪು ಇದೆ, ಇವರು ಸಜ್ಜನರು. ಆದಿವಾಸಿ ಹೆಣ್ಣು ಓದಿದರೆ ಅವಳ ಹಾಡು, ಕುಣಿತ, ಸಂಸ್ಕೃತಿ ಹಾಳಾಗುತ್ತೆ ಅಂತ ಮರುಗ್ತಾರೆ. ಇವರ ಮಕ್ಕಳು ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಅಮೆರಿಕಕ್ಕೆ ಹೋದರೂ ಮನೆಯ ಸಂಸ್ಕೃತಿ ಗಟ್ಟಿಯಾಗಿ ಇರುತ್ತೆ, ಹಾಡಿಯವಳು ಎಸ್ಸೆಸ್ಸೆಲ್ಸಿ ಪಾಸಾದರೆ ಸಂಸ್ಕೃತಿ ಕುಸಿದು ಬೀಳುತ್ತೆ! ಅವಳು ಕುಣಿಯಬೇಕು, ಇವರು ಫೋಟೋ ಹಿಡಿಯಬೇಕು. ಕರಾವಳಿಯಲ್ಲಿ ಕೊರಗರನ್ನು ಡೋಲು ಬಡಿಯೋಕೆ ಕರೆಸಿ, ಹೀನಾಯವಾಗಿ ನಡೆಸಿಕೊಳ್ಳುವ ಅಜಲನ್ನೂ ಸಂಪ್ರದಾಯ ಅಂತಲೇ ಕರೆದಿದ್ದರು. ಅದನ್ನು ನಿಲ್ಲಿಸೋಕೆ 2000ದಲ್ಲಿ ಕಾಯ್ದೆಯೇ ಬರಬೇಕಾಯಿತು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅಂತ ಓದು ಬಂದ ಅವಳೇ ತೀರ್ಮಾನ ಮಾಡ್ತಾಳೆ. ನಿಮ್ಮ ಮರುಕ ನಿಮ್ಮಲ್ಲೇ ಇರಲಿ.

ಅರವತ್ತು ದಿನ

ಅವಳು ಓದೋದು ಯಾಕೆ ಬೇಕು? ನೌಕರಿಗೆ ಅಂತ ಮಾತ್ರ ತಿಳಿಯಬೇಡಿ. ಅಕ್ಷರಕ್ಕೂ ನೆಲಕ್ಕೂ ಇರುವ ಗಂಟನ್ನು ನೋಡಿ.

2006ರ ಅರಣ್ಯ ಹಕ್ಕು ಕಾಯ್ದೆ ಆದಿವಾಸಿ ಹೆಂಗಸಿನ ಕೈಗೆ ಕೆಲವು ಆಯುಧ ಕೊಟ್ಟಿದೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಇರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರಬೇಕು. ಗ್ರಾಮಸಭೆಯಲ್ಲೂ ಕೂತವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರಬೇಕು. ಜೇನು, ಸೀಗೆ, ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನದ ಮೇಲೆ ಹಾಡಿಗೆ ಒಡೆತನ ಇದೆ. ಈ ಕಾಯ್ದೆ ಹಿಡಿದೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ, ಬೆಟ್ಟ ಹುಲಿ ಮೀಸಲು ಕಾಡಾದ ವರ್ಷವೇ, ಸಮುದಾಯದ ಹಕ್ಕು ಪಡೆದರು.

ಈಗ ಇನ್ನೊಂದು ಬದಿ ನೋಡಿ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ ಉಪವಿಭಾಗ ಸಮಿತಿಗೆ ಅರವತ್ತು ದಿನದೊಳಗೆ ಅರ್ಜಿ ಹಾಕಬೇಕು. ಆ ಸಮಿತಿಯ ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ ಜಿಲ್ಲಾ ಸಮಿತಿಗೆ ಮತ್ತೆ ಅರವತ್ತು ದಿನದೊಳಗೆ. ನೋಟೀಸು ಬರುತ್ತೆ. ಕಚೇರಿಯ ಕನ್ನಡ, ನಡುವೆ ಕಾಯ್ದೆಯ ನಂಬರು. ಅವಳು ಅದನ್ನು ಮಡಚಿ ಗುಡಿಸಲಿನ ಸೂರಿಗೆ ಸಿಕ್ಕಿಸ್ತಾಳೆ. ಯಾರಾದರೂ ಓದು ಬಂದವರು ಬಂದಾಗ ತೋರಿಸೋಣ ಅಂತ. ಓದು ಬಂದವರು ಬರೋದು ಎಪ್ಪತ್ತನೇ ದಿನ. ಮುಗೀತು. ಒಂದು ಕಾಗದ ಓದೋಕೆ ಬರಲಿಲ್ಲ ಅಂತ ಅಜ್ಜಿ ಮುತ್ತಜ್ಜಿ ಬಾಳಿದ ನೆಲ ಹೋಯಿತು.

ಇದು ಕಟ್ಟುಕತೆ ಅಲ್ಲ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ತೆರವು ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ದೇಶದ ಆದಿವಾಸಿಗಳೆಲ್ಲ ಎದ್ದರು. ಆಗ ಕೇಂದ್ರ ಸರ್ಕಾರವೇ ಕೋರ್ಟಿಗೆ ಹೋಗಿ, ಎಷ್ಟೋ ಜನರಿಗೆ ತಿರಸ್ಕಾರದ ಆದೇಶವೇ ತಲುಪಿಲ್ಲ, ಕಾರಣವನ್ನೂ ಕೊಟ್ಟಿಲ್ಲ ಅಂತ ಒಪ್ಪಿಕೊಳ್ಳಬೇಕಾಯಿತು. ಫೆಬ್ರವರಿ 28ಕ್ಕೆ ಆದೇಶಕ್ಕೆ ತಡೆ ಬಂತು. ಹದಿನೈದು ದಿನ ಈ ದೇಶದ ಲಕ್ಷಾಂತರ ಆದಿವಾಸಿ ಹೆಂಗಸರ ಒಲೆ, ಒಂದು ಓದದ ಕಾಗದದ ಮೇಲೆ ನಿಂತಿತ್ತು.

ಹಾಡಿಗೆ ಓದು ಬಂದ ಒಬ್ಬ ಹೆಣ್ಣುಮಗಳು ಇದ್ದರೆ ಸಾಕು, ನೋಟೀಸು ಬಂದ ದಿನವೇ ಓದ್ತಾಳೆ. ಗ್ರಾಮಸಭೆಯ ನಡಾವಳಿ ಪುಸ್ತಕ ಅವಳೇ ಬರೀತಾಳೆ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ ಅಂತ ಅವ್ವನ ಕೈ ಹಿಡೀತಾಳೆ. ರೇಷನ್ ಅಂಗಡಿಯ ಅಕ್ಕಿ, ನರೇಗಾ ಕೂಲಿ, ಎಸ್ಟೇಟಿನ ಮುಂಗಡದ ಬಾಕಿ, ಎಲ್ಲ ಚೀಟಿಯನ್ನೂ ಓದ್ತಾಳೆ. ಅವಳಿಗೆ ಓದು ಬರಬಾರದು ಅಂತ ಯಾರು ಯಾರಿಗೆ ಆಸೆ ಇದೆ ಅನ್ನೋದು ಈಗ ತಿಳೀತಲ್ಲ?

ಸಬಲೀಕರಣ ಅನ್ನೋ ಹೊಲಿಗೆ ಯಂತ್ರ

ಇದೆಲ್ಲ ಬಿಟ್ಟು ಸರ್ಕಾರ ಕೊಡೋದು "ಸಬಲೀಕರಣ". ವೇದಿಕೆ ಕಟ್ತಾರೆ, ಶಾಮಿಯಾನ ಹಾಕ್ತಾರೆ, ಹತ್ತು ಹೆಂಗಸರಿಗೆ ಹತ್ತು ಹೊಲಿಗೆ ಯಂತ್ರ ಕೊಡ್ತಾರೆ. ಕರೆಂಟೇ ಸರಿಯಾಗಿ ಇಲ್ಲದ ಹಾಡಿಯಲ್ಲಿ, ಹರಿದ ಬಟ್ಟೆ ಬಿಟ್ಟು ಬೇರೆ ಬಟ್ಟೆ ಇಲ್ಲದವಳು ಯಾರ ಬಟ್ಟೆ ಹೊಲಿಯಬೇಕು? ಮಾರನೇ ವರ್ಷ ಸಂಘದ ಸಾಲ ಕೊಡ್ತಾರೆ. ಅದರ ಮಾರನೇ ವರ್ಷ ಸಾಲದ ಕಂತಿಗೆ ಮನೆ ಮುಂದೆ ಬಂದು ಕೂರ್ತಾರೆ.

ಪಂಚಾಯತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ 2010ರಲ್ಲಿ ಆಯಿತು. ಒಳ್ಳೇದೇ. ಆದರೆ ಮೀಸಲು ಸೀಟಿನಲ್ಲಿ ಗೆದ್ದ ಆದಿವಾಸಿ ಹೆಂಗಸಿಗೆ ಅಕ್ಷರ ಇಲ್ಲದಿದ್ದರೆ ಏನಾಗುತ್ತೆ? ಅವಳು ಹೆಬ್ಬೆಟ್ಟು ಒತ್ತುತ್ತಾಳೆ, ಇನ್ನೊಬ್ಬ ಬರೀತಾನೆ, ಊರ ಗೌಡ ಆಳ್ತಾನೆ.

ಇನ್ನು ಪದಕಗಳು. ಅಂಕೋಲಾದ ಹಾಲಕ್ಕಿ ತಾಯಂದಿರು ಸುಕ್ರಿ ಬೊಮ್ಮಗೌಡ ಮತ್ತು ತುಳಸಿ ಗೌಡ. ಇಬ್ಬರಿಗೂ ಶಾಲೆ ಸಿಗಲಿಲ್ಲ. ಸುಕ್ರಜ್ಜಿ ರಾಶಿ ರಾಶಿ ಹಾಡನ್ನು ತಲೆಯಲ್ಲಿ ಇಟ್ಟುಕೊಂಡು, ಸಾರಾಯಿ ವಿರುದ್ಧ 
ಹೆಂಗಸರನ್ನು ಕಟ್ಟಿದವರು. ತುಳಸಜ್ಜಿ ಸಸಿ ಬೆಳೆಸಿ ಕಾಡು ಮಾಡಿದವರು. 2017ರಲ್ಲಿ ಒಬ್ಬರಿಗೆ, 2020ರಲ್ಲಿ ಇನ್ನೊಬ್ಬರಿಗೆ ಪದ್ಮಶ್ರೀ ಘೋಷಣೆಯಾಯಿತು. ತುಳಸಜ್ಜಿ ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದ ಚಿತ್ರ ಇಡೀ ದೇಶ ನೋಡಿತು. 2024ರ ಡಿಸೆಂಬರಿನಲ್ಲಿ ಅವರು, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅನ್ನುವ ಬೇಡಿಕೆ ಅವರಿಬ್ಬರ ಜೀವಮಾನದಲ್ಲಿ ಈಡೇರಲಿಲ್ಲ. ಬರಿಗಾಲಿಗೆ ಚಪ್ಪಾಳೆ ಹೊಡೆದರು, ಆ ಕಾಲು ಯಾಕೆ ಬರಿದಾಗಿತ್ತು ಅಂತ ಯಾರೂ ಕೇಳಲಿಲ್ಲ.

2022ರ ಜುಲೈ 25ರಂದು ಸಂತಾಲ ಬುಡಕಟ್ಟಿನ ದ್ರೌಪದಿ ಮುರ್ಮು ರಾಷ್ಟ್ರಪತಿಯಾದರು. ತಮ್ಮ ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ತಾವು ಅಂತ ಅವರೇ ಅವತ್ತು ಹೇಳಿದರು. ನಮಗೆ ಹೆಮ್ಮೆ ಇದೆ. ಆದರೆ ಫೋಟೋ ಗೋಡೆಗೆ ಹಾಕಿದರೆ ಹಾಡಿಗೆ ಮೇಸ್ಟ್ರು ಬರಲ್ಲ. ಮೊದಲನೆಯವಳು ಯಾರು ಅಂತ ಕೇಳೋದು ಸಾಕು, ನೂರನೆಯವಳು ಯಾವಾಗ ಅಂತ ಕೇಳೋಣ.

ದುಡ್ಡಿಲ್ಲ ಅಂತಾರೆ

ದುಡ್ಡು ಇದೆ. 2013ರಲ್ಲಿ ಕರ್ನಾಟಕ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾಯ್ದೆ ಮಾಡಿತು. ಜನಸಂಖ್ಯೆಗೆ ತಕ್ಕ ಹಣವನ್ನು ಈ ಜನಕ್ಕೇ ಖರ್ಚು ಮಾಡಬೇಕು ಅಂದಿತು. ಆಮೇಲೆ ಅದೇ ಕಾಯ್ದೆಯ 7(ಡಿ) ಕಲಮಿನ ಕಿಂಡಿಯಲ್ಲಿ ಹಣ ರಸ್ತೆಗೆ, ಸೇತುವೆಗೆ ಹರಿಯಿತು. ಎಷ್ಟೋ ವರ್ಷ ಕೂಗಿದ ಮೇಲೆ 2023ರಲ್ಲಿ ಆ ಕಲಂ ರದ್ದಾಯಿತು. ಮರುವರ್ಷ, 2024ರ ಮೇ ತಿಂಗಳಲ್ಲಿ, ವಾಲ್ಮೀಕಿ ಅಭಿವೃದ್ಧಿ ನಿಗಮದ 187 ಕೋಟಿ ರೂಪಾಯಿಯ ಅಕ್ರಮ ವರ್ಗಾವಣೆ ಬಯಲಿಗೆ ಬಂತು. ಒಬ್ಬ ನೌಕರ ಪ್ರಾಣ ಕಳಕೊಂಡ ಮೇಲೆ ಅದು ಬಯಲಾಯಿತು, ಸಚಿವರೊಬ್ಬರು ರಾಜೀನಾಮೆ ಕೊಟ್ಟರು. ಪರಿಶಿಷ್ಟ ಪಂಗಡದ ಹೆಸರಿನ ದುಡ್ಡು ಕೋಟಿಗಟ್ಟಲೆ ಓಡಾಡಿದೆ, ಹಾಡಿಯ ಹಾಸ್ಟೆಲಿನ ಚಿಲಕಕ್ಕೆ ಮಾತ್ರ ದುಡ್ಡಿಲ್ಲ!

ನಮ್ಮ ತಾಯಂದಿರು ಹಾಕಿದ ದಾರಿ

1848ರಲ್ಲಿ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆಗೆದರು. ದಾರಿಯಲ್ಲಿ ಸಗಣಿ ಎರಚಿದರು, ಆ ತಾಯಿ ನಿಲ್ಲಲಿಲ್ಲ. 1942ರ ಜುಲೈ 20ರಂದು ನಾಗಪುರದಲ್ಲಿ ಸೇರಿದ ಸಾವಿರಾರು ದಲಿತ ಹೆಂಗಸರ ಸಮ್ಮೇಳನದಲ್ಲಿ ಬಾಬಾಸಾಹೇಬರು, ಒಂದು ಸಮುದಾಯದ ಮುನ್ನಡೆಯನ್ನು ತಾವು ಅಳೆಯೋದು ಅದರ ಹೆಂಗಸರ ಮುನ್ನಡೆಯಿಂದ ಅಂತ ಹೇಳಿದರು.

ಸಂವಿಧಾನ ಸಭೆಯಲ್ಲಿ ಹದಿನೈದು ಮಂದಿ ಹೆಂಗಸರಿದ್ದರು. ದಲಿತ ಹೆಂಗಸು ಒಬ್ಬರೇ, ದಾಕ್ಷಾಯಣಿ ವೇಲಾಯುಧನ್. ಆದಿವಾಸಿ ಹೆಂಗಸು ಒಬ್ಬರೂ ಇಲ್ಲ. ಅದೇ ಸಭೆಯಲ್ಲಿ 1946ರ ಡಿಸೆಂಬರಿನಲ್ಲಿ ಎದ್ದು ನಿಂತ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ, ಇಲ್ಲಿ ಗಂಡಸರು ಜಾಸ್ತಿ ಆದರು, ಹೆಂಗಸರು ಹೆಚ್ಚು ಬೇಕು ಅಂದರು. ದೇಶ ಕಟ್ಟುವ ದಿನ ಖಾಲಿ ಬಿಟ್ಟ ಆ ಕುರ್ಚಿ ಇವತ್ತಿಗೂ ಹೆಚ್ಚುಕಡಿಮೆ ಖಾಲಿಯೇ ಇದೆ.

ಚಳವಳಿ ಅಂತ ತಿರುಗುವ ಕೆಲವು ಗಂಡಸರಿಗೂ ಒಂದು ಮಾತು. ವೇದಿಕೆ ಮೇಲೆ ಅಂಬೇಡ್ಕರ್, ಮನೆಯಲ್ಲಿ ಮನು, ಇದು ನಡೆಯಲ್ಲ. ಹಾಸ್ಟೆಲಿನಲ್ಲಿ ಹಾಡಿಯವರನ್ನು "ಕಾಡುಜನ" ಅಂತ ಆಡಿಕೊಳ್ಳುವ ನಾಲಿಗೆ, ನಮ್ಮನ್ನು "ಹಟ್ಟಿಯೋರು" ಅಂತ ದೂರ ಇಟ್ಟ ನಾಲಿಗೆಯ ತಮ್ಮನೇ. ಅಂಥ ಮಾತು ಕೇಳಿದರೆ ಅಲ್ಲೇ ನಿಲ್ಲಿಸಿ.

ನಮ್ಮ ಹಕ್ಕೊತ್ತಾಯ

1. ಪ್ರತಿ ಹಾಡಿ, ಪೋಡು, ಕಾಲೊನಿಯ ಶಾಲೆಯಲ್ಲಿ ಅಲ್ಲಿನ ನುಡಿ ಬಲ್ಲ ಆದಿವಾಸಿ ಹೆಣ್ಣುಮಗಳನ್ನು ಪೂರ್ಣ ಸಂಬಳದ ಶಿಕ್ಷಕಿಯಾಗಿ ನೇಮಿಸಬೇಕು.

2. ಆಶ್ರಮ ಶಾಲೆಗಳನ್ನು ಹತ್ತನೇ ತರಗತಿವರೆಗೆ ಏರಿಸಬೇಕು. ಶಿಕ್ಷಣದ ಹಕ್ಕು ಹದಿನೆಂಟು ವರ್ಷದವರೆಗೆ ಇರಬೇಕು.

3. ಹುಡುಗಿಯರ ಹಾಸ್ಟೆಲಿಗೆ ನೀರು, ಚಿಲಕ, ರಾತ್ರಿ ಇರುವ ಮೇಲ್ವಿಚಾರಕಿ ಬೇಕು. ಕಾಗದ ಇಲ್ಲ ಅಂತ ಯಾವ ಹುಡುಗಿಯನ್ನೂ ವಾಪಸ್ ಕಳಿಸಬಾರದು. ಮೊದಲು ಸೇರಿಸಿ, ಕಾಗದವನ್ನು ಇಲಾಖೆಯೇ ಮಾಡಿಸಲಿ.

4. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಕ್ಕಳು ಹಾಡಿಯಲ್ಲೇ ಉಳಿದು ಓದುವಂತೆ ಊಟ, ವಸತಿ ಕೊಡಬೇಕು. ಎಸ್ಟೇಟುಗಳಲ್ಲಿ ಕೂಸುಮನೆ ನಡೆಸಬೇಕು.

5. ಒಕ್ಕಲೆಬ್ಬಿಸಿದ ಕುಟುಂಬಗಳಿಗೆ ನೆಲ ಕೊಡಬೇಕು. ಅರಣ್ಯ ಹಕ್ಕಿನ ನೋಟೀಸನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದ ಮೇಲೆಯೇ ಅರವತ್ತು ದಿನದ ಲೆಕ್ಕ ಶುರುವಾಗಬೇಕು.

6. 2022ರಲ್ಲಿ ಶೇ. 3ರಿಂದ ಶೇ. 7ಕ್ಕೆ ಏರಿಸಿದ ಪರಿಶಿಷ್ಟ ಪಂಗಡದ ಮೀಸಲಾತಿಯಲ್ಲಿ ಸಣ್ಣ ಬುಡಕಟ್ಟುಗಳಿಗೆ ಬೇರೆ ಪಾಲು ಇಡಬೇಕು. ಒಳಪಾಲು ಮಾಡಬಹುದು ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟೇ ಹೇಳಿದೆ.

ಹಾಸ್ಟೆಲಿನ ಗೆಳೆಯ ಗೆಳತಿಯರೇ, ಹಕ್ಕೊತ್ತಾಯ ಓದಿ ಮಡಚಿ ಜೇಬಿಗೆ ಇಟ್ಟುಕೊಂಡರೆ ಸಾಲದು. ಬೇಸಿಗೆ ರಜೆಗೆ ಊರಿಗೆ ಹೋಗ್ತೀರಲ್ಲ, ನಿಮ್ಮ ಹತ್ತಿರದ ಹಾಡಿಗೆ ಇಬ್ಬಿಬ್ಬರು ಹೋಗಿ. ಭಾಷಣ ಬೇಡ. ಐದನೇ ಕ್ಲಾಸು, ಎಂಟನೇ ಕ್ಲಾಸು ಮುಗಿಸಿದ ಹುಡುಗಿಯರ ಪಟ್ಟಿ ಮಾಡಿ. ಯಾರಿಗೆ ಯಾವ ಕಾಗದ ಇಲ್ಲ ಅಂತ ಬರೆದುಕೊಳ್ಳಿ. ಅರ್ಜಿ ತುಂಬಿಸಿ, ತಾಲ್ಲೂಕು ಕಚೇರಿಗೆ ಅವರ ಅವ್ವಂದಿರ ಜೊತೆ ನೀವೂ ಹೋಗಿ. "ನಾಳೆ ಬಾ" ಅಂದ ಗುಮಾಸ್ತನ ಹತ್ತಿರ "ನಾಳೆ ಅಂತ ಬರೆದು ಕೊಡಿ" ಅಂತ ಕೇಳಿ. ಸೂರಿಗೆ ಸಿಕ್ಕಿಸಿದ ನೋಟೀಸು ಇದ್ದರೆ ತೆಗೆಸಿ, ಓದಿ ಹೇಳಿ, ತಾರೀಖು ಎಣಿಸಿ. ನಿಮ್ಮ ಎಣಿಕೆಯನ್ನು ಮುಂದಿನ ಸಭೆಗೆ ತನ್ನಿ. ಸರ್ಕಾರ ಎಣಿಸದ್ದನ್ನು ನಾವು ಎಣಿಸೋಣ.

ಜೂನ್ ತಿಂಗಳಲ್ಲಿ ಶಾಲೆಗಳಲ್ಲಿ ಹಾಜರಿ ಕೂಗ್ತಾರೆ. ಹಾಡಿಯ ಹುಡುಗಿಯ ಹೆಸರು ಕೂಗಿದಾಗ ಉತ್ತರ ಬರದೆ ಹೋದರೆ, "ಬಿಟ್ಟಳು" ಅಂತ ಬರೆಯೋಕೆ ಯಾವ ಪೆನ್ನಿಗೂ ಬಿಡಬೇಡಿ. ಬಿಟ್ಟವರ ಹೆಸರು ಬರೆಸಿ.

ಶಾಲೆ ಹಾಡಿಗೆ ಬರಲಿ!
ನೆಲ ಅವ್ವನ ಹೆಸರಿಗೆ ಬರಲಿ!
ಹೆಬ್ಬೆಟ್ಟಿನ ರಾಜ್ಯಕ್ಕೆ ಧಿಕ್ಕಾರ!
ಜೈ ಭೀಮ್!